ಹೈಡ್ರೋಜನ್: ವೇಗವರ್ಧಕದ ಬಾಳಿಕೆಯನ್ನೂ ಅಳೆಯಲಿ

ಮಾನ್ಯ ಸಂಪಾದಕರೇ,

ಕೇಂದ್ರ ಸಂಪುಟವು 2023ರ ಜನವರಿಯಲ್ಲಿ ₹19,744 ಕೋಟಿ ವೆಚ್ಚದ ರಾಷ್ಟ್ರೀಯ ಹಸಿರು ಹೈಡ್ರೋಜನ್ ಮಿಷನ್‌ಗೆ ಒಪ್ಪಿಗೆ ನೀಡಿದಂದಿನಿಂದ ಚರ್ಚೆಯೆಲ್ಲ ಸೌರವಿದ್ಯುತ್ತಿನಿಂದ ನೀರನ್ನು ವಿಭಜಿಸುವ ಸುತ್ತಲೇ ನಡೆದಿದೆ. ಆದರೆ ಅದೇ ವರ್ಷದ ಆಗಸ್ಟ್‌ನಲ್ಲಿ ಸರ್ಕಾರ ಪ್ರಕಟಿಸಿದ ಮಾನದಂಡವು ಜೀವರಾಶಿಯಿಂದ (ಬೆಳೆ, ಕೃಷಿತ್ಯಾಜ್ಯದಂಥ ಜೈವಿಕ ವಸ್ತುಗಳಿಂದ) ಪಡೆದ ಹೈಡ್ರೋಜನ್ ಅನ್ನೂ ಇಂಗಾಲ ಹೊರಸೂಸುವಿಕೆಯ ಮಿತಿಗೊಳಪಟ್ಟು ಹಸಿರು ಎಂದೇ ಒಪ್ಪುತ್ತದೆ. ಕಬ್ಬು ಬೆಳೆದು ಎಥೆನಾಲ್ ತೆಗೆಯುವ ನಮ್ಮ ರಾಜ್ಯಕ್ಕೆ ಇದು ಹತ್ತಿರದ ದಾರಿ.

ಪೆಟ್ರೋಲಿಗೆ ಬೆರೆಸುವ ಎಥೆನಾಲ್‌ನಿಂದ ನೀರನ್ನು ಹೆಚ್ಚುಕಡಿಮೆ ಪೂರ್ತಿ ತೆಗೆಯಬೇಕು, ಅದಕ್ಕೆ ಸಾಕಷ್ಟು ಶಾಖ ವ್ಯಯವಾಗುತ್ತದೆ. ಹೈಡ್ರೋಜನ್ ತಯಾರಿಕೆಗಾದರೋ ನೀರು ಬೇಕೇ ಬೇಕು: ಒಂದು ಅಣು ಎಥೆನಾಲ್, ಮೂರು ಅಣು ನೀರಾವಿಯೊಡನೆ ಪೂರ್ಣವಾಗಿ ವರ್ತಿಸಿದರೆ ಆರು ಅಣು ಹೈಡ್ರೋಜನ್ ಸಿಗುತ್ತದೆ.

ತೊಡಕಿರುವುದು ಈ ಕ್ರಿಯೆಯನ್ನು ಚುರುಕುಗೊಳಿಸುವ ವೇಗವರ್ಧಕದಲ್ಲಿ. ಅಲ್ಯುಮಿನಾದ (ಅಲ್ಯುಮಿನಿಯಂ ಆಕ್ಸೈಡ್) ಮೇಲೆ ನಿಕಲ್ ಕಣಗಳನ್ನು ಹರಡಿದ ಗುಳಿಗೆಗಳು ಅಗ್ಗವೂ ಹೌದು, ಚುರುಕೂ ಹೌದು. ಆದರೆ ಅಲ್ಯುಮಿನಾದ ಆಮ್ಲೀಯ ಮೇಲ್ಮೈಯಲ್ಲಿ ಎಥೆನಾಲ್ ಎಥಿಲೀನ್ ಆಗಿ ಮಾರ್ಪಟ್ಟು, ಕೊನೆಗೆ ಮಸಿಯಾಗಿ ಕೂರುತ್ತದೆ. ನಿಕಲ್ ಕಣಗಳ ಬುಡದಲ್ಲಿ ಇಂಗಾಲದ ಎಳೆಗಳು ಕೂದಲಿನಂತೆ ಬೆಳೆದು ಗುಳಿಗೆಗಳನ್ನೇ ಒಡೆದು ಪುಡಿ ಮಾಡುತ್ತವೆ, ಕೊಳವೆ ಕಟ್ಟಿಕೊಳ್ಳುತ್ತದೆ. ಗಾಳಿ ಹಾಯಿಸಿ ಮಸಿಯನ್ನು ಸುಡಬಹುದಾದರೂ, ಕಾವು ಹತೋಟಿ ಮೀರಿದರೆ ನಿಕಲ್ ಕಣಗಳು ಒಂದಕ್ಕೊಂದು ಬೆಸೆದು ದಪ್ಪವಾಗಿ ಚುರುಕು ಕಳೆದುಕೊಳ್ಳುತ್ತವೆ. ರೋಡಿಯಂ ಎಂಬ ಲೋಹ ಇದನ್ನೆಲ್ಲ ಹೆಚ್ಚು ತಾಳಿಕೊಳ್ಳುತ್ತದೆ, ಆದರೆ ಅದರ ಬೆಲೆ ಕೈಗೆಟುಕುವಂಥದ್ದಲ್ಲ. ನನಗೆ ಹೆಚ್ಚು ಭರವಸೆ ಹುಟ್ಟಿಸುವುದು ಅಲ್ಯುಮಿನಾದ ಬದಲಿಗೆ ಲೋಹದ ಕಣಗಳನ್ನು ಹೊರುವ ಸೀರಿಯಂ ಆಕ್ಸೈಡ್‌ನ ಆಧಾರ. ಅದು ತನ್ನಲ್ಲಿರುವ ಆಮ್ಲಜನಕವನ್ನು ಬಿಟ್ಟುಕೊಟ್ಟು ಕೂರುತ್ತಿರುವ ಮಸಿಯನ್ನು ಆಗಿಂದಾಗಲೇ ತೊಡೆದುಹಾಕಿ, ನೀರಾವಿಯಿಂದ ಆ ಕೊರತೆಯನ್ನು ಮತ್ತೆ ತುಂಬಿಕೊಳ್ಳುತ್ತದೆ.

ಇಷ್ಟು ತಿಳಿದಿದ್ದರೂ, ಪ್ರಯೋಗಾಲಯಗಳ ಬಹುಪಾಲು ಪರೀಕ್ಷೆಗಳು ಶುದ್ಧ ಎಥೆನಾಲ್ ಬಳಸಿ ಹತ್ತಾರು ಗಂಟೆಗಳಲ್ಲೇ ಮುಗಿಯುತ್ತವೆ. ಡಿಸ್ಟಿಲರಿಯ ಕಚ್ಚಾ ಮದ್ಯಸಾರದಲ್ಲಿ ಅಸಿಟಿಕ್ ಆಮ್ಲ, ಭಾರದ ಆಲ್ಕೋಹಾಲ್‌ಗಳು, ಕೆಲವೊಮ್ಮೆ ಗಂಧಕದ ಅಂಶವೂ ಇರುತ್ತವೆ. ಇವು ಮಸಿಯನ್ನು ಹೆಚ್ಚಿಸುತ್ತವೆ, ಗಂಧಕವಂತೂ ನಿಕಲ್‌ಗೆ ವಿಷವೇ ಸರಿ. ನೈಸರ್ಗಿಕ ಅನಿಲದಿಂದ ಹೈಡ್ರೋಜನ್ ತೆಗೆಯುವ ಘಟಕಗಳಲ್ಲಿ ವೇಗವರ್ಧಕಗಳು ವರ್ಷಗಟ್ಟಲೆ ದುಡಿಯುತ್ತಿರುವಾಗ, ಮೊದಲ ದಿನದ ಇಳುವರಿಯೊಂದನ್ನೇ ನೋಡಿ ಯಾವ ಉದ್ಯಮಿಯೂ ಹಣ ಹೂಡಲಾರ.

ಆದ್ದರಿಂದ ಸಾರ್ವಜನಿಕ ಅನುದಾನ ಪಡೆಯುವ ಪ್ರತಿ ಯೋಜನೆಯೂ ಕಚ್ಚಾ ಮದ್ಯಸಾರದಲ್ಲಿ ಕನಿಷ್ಠ 1,000 ಗಂಟೆಗಳ ಪರೀಕ್ಷೆ ನಡೆಸಿ, ಪ್ರತಿ ಬಾರಿ ಮಸಿ ಸುಟ್ಟ ನಂತರ ಉಳಿದ ಚುರುಕನ್ನೂ ಬಹಿರಂಗಪಡಿಸುವುದನ್ನು ಕಡ್ಡಾಯ ಮಾಡಬೇಕು. ಜೀವರಾಶಿಯನ್ನು ಅನಿಲೀಕರಿಸಿ ಹೈಡ್ರೋಜನ್ ತೆಗೆಯುವ ವಿಧಾನ ರೂಪಿಸಿರುವ ಭಾರತೀಯ ವಿಜ್ಞಾನ ಸಂಸ್ಥೆ ಬೆಂಗಳೂರಿನಲ್ಲೇ ಇದೆ. ಅದರ ನೆರವಿನೊಂದಿಗೆ ಮಂಡ್ಯ ಅಥವಾ ಬೆಳಗಾವಿಯ ಡಿಸ್ಟಿಲರಿಯೊಂದರ ಪಕ್ಕದಲ್ಲಿ ಎಲ್ಲ ಸಂಶೋಧಕರಿಗೂ ಮುಕ್ತವಾದ ದೀರ್ಘಾವಧಿ ಪರೀಕ್ಷಾ ಘಟಕವನ್ನು ರಾಜ್ಯ ಸರ್ಕಾರ ಸ್ಥಾಪಿಸಬೇಕೆಂದು ಕೋರುತ್ತೇನೆ.

– ನಿವೃತ್ತ ರಸಾಯನವಿಜ್ಞಾನ ಉಪನ್ಯಾಸಕ, ಮಂಡ್ಯ