ಒಂದು ಕರಾಳ ಹಾಡಿನ ಹಿಂದೆ ನಿಂತವರಿಗೆ

ಹಿಂಸೆಯತ್ತ ಜಾರುತ್ತಿರುವ ಮನಸ್ಸೊಂದು ತಾನೇ ಮಾತನಾಡುವಂತೆ ಬರೆದ ನಮ್ಮ ರಾಕ್ ಹಾಡು ಕೊನೆಗೂ ಬಿಡುಗಡೆಯಾಗಿದೆ. ಬರೆದು ಹಾಡಿದವನು ನಾನೆಂಬ ಕಾರಣಕ್ಕೆ ಮೆಚ್ಚುಗೆಯೆಲ್ಲ ನನ್ನ ಪಾಲಿಗೆ ಬರುತ್ತಿದೆ. ಅದರ ಬಹುಭಾಗ ಸಲ್ಲಬೇಕಾದದ್ದು ಬೇರೆಯವರಿಗೆ.

ಮೊದಲ ಕೃತಜ್ಞತೆ, ಸಾಹಿತ್ಯದ ಕರಡನ್ನು ಸಾಲುಸಾಲಾಗಿ ಓದಿಕೊಟ್ಟ ಮನೋವೈದ್ಯೆಗೆ. ಮಾನಸಿಕ ಕಾಯಿಲೆ ಇರುವವರಲ್ಲಿ ಬಹುತೇಕರು ಯಾರಿಗೂ ಕೇಡು ಮಾಡುವವರಲ್ಲ, ಹಿಂಸೆ ಎಸಗುವುದಕ್ಕಿಂತ ಹಿಂಸೆಗೆ ಗುರಿಯಾಗುವ ಸಂಭವವೇ ಅವರಿಗೆ ಹೆಚ್ಚು ಎಂಬುದನ್ನು ಅವರು ನಮ್ಮೆದುರಿಗಿಟ್ಟರು. ಹಾಗೆಂದು ಹಾಡನ್ನು ಕೈಬಿಡಿ ಎನ್ನಲಿಲ್ಲ. ಆದ್ದರಿಂದಲೇ ಹಾಡಿನ ವ್ಯಕ್ತಿಗೆ ಯಾವ ಕಾಯಿಲೆಯ ಹೆಸರನ್ನೂ ಅಂಟಿಸದೆ, ನಿದ್ದೆಗೆಟ್ಟ ರಾತ್ರಿಗಳು, ಎಲ್ಲರ ನಗುವಿನಲ್ಲೂ ತನ್ನ ಅಪಹಾಸ್ಯವನ್ನೇ ಕೇಳುವ ಅನುಮಾನ, ಬಾಲ್ಯದಲ್ಲಿ ತಿಂದ ಹೊಡೆತಗಳ ನೆನಪು ಇವೆಲ್ಲ ಕೂಡಿ ಕೋಪವಾಗಿ ಹೆಪ್ಪುಗಟ್ಟುವುದನ್ನಷ್ಟೇ ಹೇಳಿದೆವು.

ನಮ್ಮ ಗಿಟಾರ್ ವಾದಕರು ಆರನೆಯ ತಂತಿಯನ್ನು ಇ ಸ್ವರದಿಂದ ಡಿ ಸ್ವರಕ್ಕೆ ಇಳಿಸಿ, ಷಡ್ಜಕ್ಕೂ (ಸ) ಪ್ರತಿಮಧ್ಯಮಕ್ಕೂ (ಏರಿಸಿದ ಮ) ನಡುವಿನ ಅಂತರದ ಮೇಲೆ ಇಡೀ ರಿಫ್, ಅಂದರೆ ಮತ್ತೆ ಮತ್ತೆ ಮರಳಿಬರುವ ಗಿಟಾರಿನ ಸ್ವರಗುಚ್ಛ, ಕಟ್ಟಿದರು. ರಾಗದೊಳಗೆ ಅಷ್ಟು ಬೆಳಗುವ ಆ ಪ್ರತಿಮಧ್ಯಮ, ಗಿಟಾರಿನ ದನಿಯನ್ನು ಒರಟಾಗಿಸುವ ಡಿಸ್ಟಾರ್ಷನ್ ಸೇರಿದೊಡನೆ ಎಷ್ಟು ಕಂಗೆಡಿಸುತ್ತದೆ ಎಂಬುದು ನನಗೆ ಇಂದಿಗೂ ಸೋಜಿಗ. ಡ್ರಮ್ಸ್ ವಾದಕರಿಗೆ ಸಲ್ಲಬೇಕಾದದ್ದು ಇನ್ನೂ ದೊಡ್ಡದು. ಚರಣಗಳನ್ನು 7 ಎಣಿಕೆಯಲ್ಲಿಟ್ಟು ಕೇಳುಗರ ಕಾಲು ಎಲ್ಲಿಯೂ ಊರದಂತೆ ಮಾಡಿ, ಕೋಪ ಸಿಡಿಯುವ ಪಲ್ಲವಿಯಲ್ಲಿ ಮಾತ್ರ ಸರಳವಾದ 4 ಎಣಿಕೆಗೆ ಮರಳುವ ಯೋಚನೆ ಅವರದು. ಸಿಡಿತದಲ್ಲಿಯೇ ಮನಸ್ಸಿಗೆ ನೆಮ್ಮದಿ ಸಿಗುವುದು, ಆ ನೆಮ್ಮದಿಗೆ ಕೇಳುಗರೂ ಒಂದು ಕ್ಷಣ ಪಾಲುದಾರರಾಗಿ ಬೆಚ್ಚುವುದು, ಇವೆರಡನ್ನೂ ನನ್ನ ಯಾವ ಸಾಲೂ ಅಷ್ಟು ನೇರವಾಗಿ ಹೇಳಿಲ್ಲ.

ಗಂಟಲಿಗೆ ಪೆಟ್ಟಾಗದಂತೆ, ಉಸಿರಿನ ಹಿಡಿತದಿಂದ ಕಿರುಚುವುದನ್ನು ಕಲಿಸಿದ ಗಾಯನ ಶಿಕ್ಷಕರಿಗೂ, ಪಿಸುಮಾತು ಪಿಸುಮಾತಾಗಿಯೇ ಉಳಿಯಲೆಂದು, ಮೆಲುದನಿ ಜೋರುದನಿಗಳ ಅಂತರವನ್ನು ತಗ್ಗಿಸುವ ಕಂಪ್ರೆಷನ್ ಹೆಚ್ಚಿಸಲು ಒಪ್ಪದ ಧ್ವನಿ ತಂತ್ರಜ್ಞರಿಗೂ ನಾನು ಋಣಿ.

ಹಾಡಿನ 'ನಾನು' ಹಾಡುವವನಲ್ಲ ಎಂಬುದನ್ನು ವಿವರಣೆಯಿಲ್ಲದೆ ಗ್ರಹಿಸಿದ ಕೇಳುಗರಿಗೆ ವಂದನೆಗಳು. ಅರ್ಧಕ್ಕೇ ನಿಲ್ಲಿಸಬೇಕಾಯಿತೆಂದು ಬರೆದವರಿಗೆ ಅಷ್ಟೇ ಗೌರವದ ವಂದನೆಗಳು. ಹಿಂಸೆಯನ್ನು ಮನೆಯೊಳಗೆ ಕಂಡವರು ಅವರಲ್ಲಿ ಹಲವರಿದ್ದಾರೆ. ಅವರ ಸಲಹೆಯಂತೆ ಹಾಡಿನ ಆರಂಭಕ್ಕೆ ಎಚ್ಚರಿಕೆಯ ಸಾಲೊಂದನ್ನು ಸೇರಿಸಿದ್ದೇವೆ. ವೇದಿಕೆಯಲ್ಲಿ ಹಾಡುವ ಮುನ್ನವೂ ಅದನ್ನು ತಿಳಿಸಿ, ಹೊರಗೆ ಹೋಗಬಯಸುವವರಿಗೆ ಸಮಯ ಕೊಟ್ಟ ಬಳಿಕವೇ ಆರಂಭಿಸುತ್ತೇವೆ.