ಹುಲಿ ಗಣತಿಗೆ ಕಟ್ಟಿದ ಕ್ಯಾಮೆರಾ ಕಂಡ ಕಡವೆಯ ಸಂಗತಿ ಊರಿಗೂ ತಿಳಿಯಲಿ

ಮಾನ್ಯ ಸಂಪಾದಕರೇ,

ಶಿವರಾತ್ರಿ ಕಳೆದ ಮೂರನೆಯ ದಿನ ಬೆಳಿಗ್ಗೆ, ನಮ್ಮ ಅಡಿಕೆ ತೋಟದ ಕೆಳಗಿನ ಹಳ್ಳದ ದಾರಿಗೆ ಕಟ್ಟಿದ್ದ ಕ್ಯಾಮೆರಾದಲ್ಲಿ ಒಂದು ಹೆಣ್ಣು ಕಡವೆಯ ಚಿತ್ರ ಸಿಕ್ಕಿತು. ಕಾಡುಹಂದಿ ಯಾವ ಕಡೆಯಿಂದ ತೋಟಕ್ಕೆ ಇಳಿಯುತ್ತದೆ ಎಂದು ತಿಳಿಯಲು ಕಟ್ಟಿದ ಕ್ಯಾಮೆರಾ ಅದು. ರಾತ್ರಿಯ ಚಿತ್ರಗಳು ಕಪ್ಪು ಬಿಳುಪಿನಲ್ಲಿ ಬರುತ್ತವೆ. ಇದು ಬೆಳಕು ಹರಿದ ಮೇಲೆ ತೆಗೆದದ್ದಾದ್ದರಿಂದ ಬಣ್ಣ ಸ್ಪಷ್ಟವಾಗಿತ್ತು. ಕೊರಳಿನ ಅಡಿಯಲ್ಲಿ, ಗದ್ದಕ್ಕೂ ಎದೆಗೂ ಸರಿಸುಮಾರು ನಡುವೆ, ಕೂದಲಿಲ್ಲದ, ನೆತ್ತರಿನಷ್ಟು ಕೆಂಪಾದ ಒಂದು ಮಚ್ಚೆ ಕಾಣುತ್ತಿತ್ತು. ಚಿತ್ರವನ್ನು ನೆರೆಯವರೊಬ್ಬರಿಗೆ ಕಳುಹಿಸಿದೆ. ಸಂಜೆಯಾಗುವಷ್ಟರಲ್ಲಿ ಅದು ಸುತ್ತಲಿನ ಹಳ್ಳಿಗಳನ್ನೆಲ್ಲ ಸುತ್ತಿ, ಕಾಡಿನ ಕಡವೆಗಳಿಗೆ ಹೊಸ ರೋಗ ಬಂದಿದೆ, ದನಗಳನ್ನು ಕಾಡಂಚಿಗೆ ಬಿಡಬೇಡಿ ಎಂಬ ಎಚ್ಚರಿಕೆಯೊಂದಿಗೆ ನನಗೇ ಮರಳಿ ಬಂತು. ಯಾರೋ ಉರುಳು ಹಾಕಿದ್ದಾರೆ ಎಂದರು ಕೆಲವರು, ನಾಯಿ ಕಚ್ಚಿದೆ ಎಂದರು ಇನ್ನು ಕೆಲವರು. ಆ ಪ್ರಾಣಿಯನ್ನು ಹಿಡಿದು ಚಿಕಿತ್ಸೆ ಕೊಡಿಸಬೇಕೆಂದು ಒತ್ತಾಯಿಸಿದವರೂ ಇದ್ದಾರೆ.

ಆ ಕಡವೆಗೆ ಯಾವ ರೋಗವೂ ಇರಲಿಲ್ಲ. ಕಡವೆಯ ಕೊರಳಿನಲ್ಲಿ ಹೀಗೆ ಹುಣ್ಣಿನಂತೆ ಕಾಣುವ ಮಚ್ಚೆ ಮೂಡುವುದು ಆ ಜಾತಿಯ ಸಹಜ ಲಕ್ಷಣ. ಬೆಳೆದ ಗಂಡುಗಳಲ್ಲಿಯೂ, ಗಬ್ಬವಾದ ಅಥವಾ ಮರಿಗೆ ಹಾಲೂಡಿಸುತ್ತಿರುವ ಹೆಣ್ಣುಗಳಲ್ಲಿಯೂ ಅದು ಕಾಣಿಸಿಕೊಳ್ಳುತ್ತದೆ, ಒಮ್ಮೊಮ್ಮೆ ಬೆಳ್ಳನೆಯ ದ್ರವ ಒಸರುತ್ತದೆ. ಹುಳು ಹತ್ತಿ ಆದದ್ದು, ಮರಕ್ಕೆ ಉಜ್ಜಿ ಆದದ್ದು ಎಂದೆಲ್ಲ ಹಿಂದಿನ ಬೇಟೆಗಾರರು ಊಹಿಸಿದ್ದರಾದರೂ, ಇದು ಗ್ರಂಥಿಯ ಸ್ವಭಾವದ್ದು, ವಾಸನೆಯ ಮೂಲಕ ಒಂದು ಪ್ರಾಣಿ ಇನ್ನೊಂದಕ್ಕೆ ತನ್ನ ಸ್ಥಿತಿಯನ್ನು ತಿಳಿಸುವ ಏರ್ಪಾಡಿಗೆ ಸಂಬಂಧಿಸಿದ್ದು ಎಂಬುದು ಈಗ ವನ್ಯಜೀವಿ ತಜ್ಞರು ಒಲಿದಿರುವ ವಿವರಣೆ. ಉರುಳಿನ ಗಾಯವನ್ನು ಇದರಿಂದ ಬೇರ್ಪಡಿಸಿ ನೋಡುವುದು ಕಷ್ಟವಲ್ಲ. ತಂತಿ ಬಿಗಿದ ಗಾಯ ಕೊರಳನ್ನು ಸುತ್ತುವರಿದು ಗೆರೆಯಾಗಿ ಇಳಿದಿರುತ್ತದೆ, ಈ ಮಚ್ಚೆ ಕೊರಳಿನ ಅಡಿಯಲ್ಲಿ ನಟ್ಟನಡುವೆ ದುಂಡಗೆ ಒಂದೇ ಕಡೆ ಇರುತ್ತದೆ. ಉರುಳಿನ ಗುರುತು ಕಂಡರೆ ತಡಮಾಡದೆ ಅರಣ್ಯ ಇಲಾಖೆಗೆ ತಿಳಿಸಲೇಬೇಕು. ನಮ್ಮ ಕಡೆ ಹಂದಿಗೆಂದು ಹಾಕಿದ ಉರುಳಿಗೆ ಬೇರೆ ಪ್ರಾಣಿಗಳು ಬಿದ್ದು ಸಾಯುವುದು ಹೊಸದಲ್ಲ, ಆ ವಿಷಯದಲ್ಲಿ ನನ್ನ ಸಂಕಟ ಉಳಿದವರಿಗಿಂತ ಕಡಿಮೆಯೂ ಅಲ್ಲ. ಆದರೆ ಇಲ್ಲದ ಗಾಯಕ್ಕೆ ಊರೆಲ್ಲ ಹೆದರಿದರೆ, ನಿಜವಾದ ಗಾಯ ಕಂಡ ದಿನ ಯಾರೂ ನಂಬುವುದಿಲ್ಲ.

ಮಾಘ ಮುಗಿದು ಫಾಲ್ಗುಣ ಕಾಲಿಡುವ ಈ ಹೊತ್ತಿನಲ್ಲಿ ಇಂಥ ವಿಚಿತ್ರವೆನಿಸುವ ಚಿತ್ರಗಳು ಹೆಚ್ಚಾಗಿ ಸಿಗಲು ಕಾರಣಗಳಿವೆ. ಎಲೆ ಉದುರಿ ಕಾಡು ಬಯಲಾಗಿರುತ್ತದೆ, ಹಳ್ಳಗಳು ಬತ್ತಿ ನೀರು ಕೆಲವೇ ಗುಂಡಿಗಳಲ್ಲಿ ಉಳಿದಿರುತ್ತದೆ, ಆದ್ದರಿಂದ ಪ್ರಾಣಿಗಳ ಓಡಾಟ ಕೆಲವೇ ದಾರಿಗಳಿಗೆ ಸೇರಿಕೊಳ್ಳುತ್ತದೆ. ಮುತ್ತುಗದ ಹೂ ಉದುರಿದ ಕಡೆ ಜಿಂಕೆಗಳು ಬೆಳಗಾಗುವ ಮೊದಲೇ ಬಂದು ನೆಲದ ಹೂಗಳನ್ನು ಹೆಕ್ಕುತ್ತವೆ. ಒಂದು ಹೂಮಳೆ, ಅಂದರೆ ಬೇಸಗೆಯ ಮೊದಲ ಮಳೆ, ಬಿದ್ದರೆ ಸಾಕು, ನಾಲ್ಕಾರು ದಿನಗಳಲ್ಲಿ ಹಸಿರು ಚಿಗುರಿದ ಜಾಗಕ್ಕೆ ಇಡೀ ಹಿಂಡು ಬಂದು ನಿಲ್ಲುತ್ತದೆ. ಇದೇ ತಿಂಗಳುಗಳಲ್ಲಿ ಕಡವೆಯ ಗಂಡುಗಳು ಒಂದೊಂದಾಗಿ ಕವಲುಗೊಂಬು ಉದುರಿಸತೊಡಗುತ್ತವೆ. ಒಂದು ಕೊಂಬು ಬಿದ್ದು ಇನ್ನೊಂದು ಉಳಿದಿರುವ ಕಡವೆ ಕ್ಯಾಮೆರಾದ ಮುಂದೆ ಬಂದರೆ, ಬೇಟೆಗಾರರು ಮುರಿದರೇನೋ ಎಂದು ನೋಡಿದವರು ಗಾಬರಿಗೊಳ್ಳುತ್ತಾರೆ.

ಚುಕ್ಕೆ ಜಿಂಕೆಯ ನಡವಳಿಕೆ ಬೇರೆ. ಅದರ ಗಂಡುಗಳು ಎಲ್ಲವೂ ಒಟ್ಟಿಗೆ ಕೊಂಬು ಉದುರಿಸುವುದಿಲ್ಲವಾದ್ದರಿಂದ, ಒಂದೇ ಹಿಂಡಿನಲ್ಲಿ, ಒಂದೇ ಬೆಳಿಗ್ಗೆ, ಗಟ್ಟಿಗೊಂಬಿನ ಗಂಡು, ಮಖಮಲ್ಲಿನಂಥ ತೊಗಲು ಹೊದ್ದು ಇನ್ನೂ ಬೆಳೆಯುತ್ತಿರುವ ಕೊಂಬಿನ ಗಂಡು, ಆಗಷ್ಟೇ ಕೊಂಬು ಕಳೆದುಕೊಂಡ ಗಂಡು, ಮೂರೂ ಕಾಣಸಿಗುತ್ತವೆ. ತೊಗಲು ಹೊದ್ದ ಕಾಲದಲ್ಲಿ ಪೆಟ್ಟು ಬಿದ್ದರೆ ಕೊಂಬು ಸೊಟ್ಟಗೆ ಬೆಳೆಯುವುದೂ ಉಂಟು. ಇನ್ನೊಂದು ಚಿತ್ರ ನಮ್ಮೂರಿನವರೊಬ್ಬರ ಕ್ಯಾಮೆರಾದಲ್ಲಿ ಬಂದದ್ದು: ಜಿಂಕೆಯೊಂದು ಬಾಯಲ್ಲಿ ಮೂಳೆ ಕಚ್ಚಿಕೊಂಡು ನಿಂತಿದೆ. ಹುಲ್ಲು ತಿನ್ನುವ ಪ್ರಾಣಿ ಮಾಂಸಕ್ಕೆ ಇಳಿಯಿತೇ ಎಂದು ಮಕ್ಕಳು ಕೇಳಿದರು. ಕೊಂಬು ಬೆಳೆಸಲು ಅದಕ್ಕೆ ಬೇಕಾದ ಸುಣ್ಣ ಮತ್ತು ರಂಜಕ ಬೇಸಗೆಯ ಒಣಹುಲ್ಲಿನಲ್ಲಿ ಸಾಲದು. ತನ್ನ ಪಕ್ಕೆಲುಬಿನಿಂದಲೂ ಖನಿಜವನ್ನು ಎರವಲು ಪಡೆಯುವ ಆ ದೇಹ, ಸಿಕ್ಕಿದ ಹಳೆಯ ಮೂಳೆಯನ್ನೋ ಉದುರಿದ ಕೊಂಬನ್ನೋ ಕಡಿದು ಕೊರತೆಯನ್ನು ತುಂಬಿಕೊಳ್ಳುತ್ತದೆ. ಉದುರಿದ ಕೊಂಬನ್ನು ಕಾಡಿನಿಂದ ಮನೆಗೆ ತರುವುದನ್ನು ಕಾನೂನು ನಿಷೇಧಿಸಿದೆ ಎಂಬುದು ಹಲವರಿಗೆ ಗೊತ್ತಿದೆ. ಅದು ಕಾಡಿನೊಳಗೆ ಇನ್ನೊಂದು ಪ್ರಾಣಿಯ ಆಹಾರ ಎಂಬುದು ಗೊತ್ತಿಲ್ಲ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಅಪರೂಪದ ಚಿತ್ರ ಬರಿಂಕದ್ದು. ಹೆಸರಿಗೆ ಮೂಷಿಕ ಜಿಂಕೆ ಎಂದರೂ ಅದು ನಿಜವಾದ ಜಿಂಕೆಗಳ ಕುಟುಂಬಕ್ಕೆ ಸೇರಿದ್ದಲ್ಲ. ಅದಕ್ಕೆ ಕೊಂಬಿಲ್ಲ, ಗಂಡಿಗೆ ಕೋರೆಹಲ್ಲು ಇದೆ, ತೂಕ ಮೂರು ಕಿಲೋದ ಆಸುಪಾಸು, ಎತ್ತರ ಒಂದಡಿಯೂ ಬರಲಾರದು. ನಮ್ಮ ಅಜ್ಜನ ಕಾಲದವರು ದಿನವೂ ಮಾತಿನಲ್ಲಿ ತರುತ್ತಿದ್ದ ಈ ಪ್ರಾಣಿಯನ್ನು ನಾನು ಕಣ್ಣಾರೆ ಕಂಡದ್ದು ಐವತ್ತು ವರ್ಷಗಳಲ್ಲಿ ಎರಡೇ ಸಲ. ಈ ಫೆಬ್ರವರಿಯಲ್ಲಿ ಅದೇ ಹಳ್ಳದ ದಾರಿಯಲ್ಲಿ ನಾಲ್ಕು ರಾತ್ರಿ ಅದು ನಡೆದುಹೋಗಿದೆ. ಎಂದರೆ ಬರಿಂಕ ಇಲ್ಲಿಂದ ಮರೆಯಾಗಿರಲಿಲ್ಲ, ನಮಗೆ ಕಾಣುತ್ತಿರಲಿಲ್ಲ ಅಷ್ಟೆ. ಆ ಚಿತ್ರಗಳನ್ನು ನೋಡಿದಾಗ ನನಗಾದ ಸಂತೋಷವನ್ನು ಬರೆದು ತಿಳಿಸುವುದು ಕಷ್ಟ.

ಈ ಪತ್ರದ ಮುಖ್ಯ ಮಾತು ಇಲ್ಲಿಂದ ಮುಂದಿನದು. ಒಂದು ತೋಟದ ಒಂದು ಕ್ಯಾಮೆರಾ ಇಷ್ಟನ್ನು ತೋರಿಸುವುದಾದರೆ, ಹುಲಿ ಗಣತಿಗೆ ಕಾಡಿನ ತುಂಬ ಕಟ್ಟುವ ಕ್ಯಾಮೆರಾಗಳು ಏನೆಲ್ಲವನ್ನು ಕಂಡಿರಬೇಕು? ಪಟ್ಟೆಗಳ ಗುರುತಿನಿಂದ ಹುಲಿಗಳನ್ನು ಎಣಿಸುವ ಈ ವಿಧಾನವನ್ನು 1990ರ ದಶಕದ ಆರಂಭದಲ್ಲಿ ವನ್ಯಜೀವಿ ವಿಜ್ಞಾನಿ ಡಾ. ಉಲ್ಲಾಸ ಕಾರಂತರು ಬೆಳೆಸಿದ್ದು ನಮ್ಮದೇ ನಾಗರಹೊಳೆಯಲ್ಲಿ. ಆಮೇಲೆ ಅದು ದೇಶವ್ಯಾಪಿಯಾಯಿತು. 2018ರ ರಾಷ್ಟ್ರೀಯ ಗಣತಿಯಲ್ಲಿ 26,838 ಸ್ಥಳಗಳಲ್ಲಿ ಕ್ಯಾಮೆರಾ ಇಟ್ಟು 3,48,58,623 ಚಿತ್ರಗಳನ್ನು ಪಡೆಯಲಾಯಿತು. ಅವುಗಳಲ್ಲಿ ಹುಲಿಯವು 76,651, ಚಿರತೆಯವು 51,777. ಎರಡನ್ನೂ ಕೂಡಿಸಿದರೂ ನೂರಕ್ಕೆ ಅರ್ಧ ಪಾಲು ಆಗುವುದಿಲ್ಲ. ಉಳಿದ ಮೂರೂವರೆ ಕೋಟಿಗೆ ಸಮೀಪದ ಚಿತ್ರಗಳು ಬೇರೆ ಪ್ರಾಣಿಗಳವು, ಅವುಗಳಲ್ಲಿ ಕಡವೆ, ಜಿಂಕೆ, ಕಾಡುಕುರಿಗಳ (ಬೊಗಳುವ ಜಿಂಕೆಗಳ) ಪಾಲು ಸಣ್ಣದಿರಲಾರದು. ಚಿತ್ರಗಳನ್ನು ಜಾತಿವಾರು ಬೇರ್ಪಡಿಸಲು ಅದೇ ಗಣತಿಯಲ್ಲಿ ತಂತ್ರಾಂಶವನ್ನೂ ಬಳಸಿದ್ದಾರೆ, ಆದ್ದರಿಂದ ವಿಂಗಡಣೆಯ ಕಷ್ಟ ಎಂಬ ಕಾರಣ ಈಗ ಉಳಿದಿಲ್ಲ.

ಕಡವೆಯ ಮೈಮೇಲೆ ಪಟ್ಟೆಯಿಲ್ಲ, ಒಂದನ್ನು ಇನ್ನೊಂದರಿಂದ ಗುರುತಿಸಲಾಗದು, ಆದ್ದರಿಂದ ಇದೇ ರೀತಿಯಲ್ಲಿ ಅವುಗಳನ್ನು ಎಣಿಸಲು ಬರುವುದಿಲ್ಲ ಎಂಬುದನ್ನು ನಾನು ಬಲ್ಲೆ. ಅದಕ್ಕೆ ಕಾಡಿನಲ್ಲಿ ಗೆರೆ ಹಿಡಿದು ನಡೆಯುತ್ತ, ಕಂಡ ಪ್ರಾಣಿಯ ದೂರ ಅಳೆಯುವ ಬೇರೆ ವಿಧಾನವಿದೆ. ನಾನು ಕೇಳುತ್ತಿರುವುದು ಸಂಖ್ಯೆಯನ್ನಲ್ಲ, ಪಂಚಾಂಗವನ್ನು. ಯಾವ ತಿಂಗಳು ಕೊಂಬು ಉದುರಿತು, ಯಾವ ವಾರ ಮೊದಲ ಮರಿ ಕಾಣಿಸಿತು, ಕೊರಳ ಮಚ್ಚೆ ಎಂದಿನಿಂದ ಎಂದಿನವರೆಗೆ ಇತ್ತು, ಮಳೆ ತಡವಾದ ವರ್ಷ ಇವೆಲ್ಲ ಎಷ್ಟು ಹಿಂದೆ ಮುಂದೆ ಹೋದವು ಎಂಬುದಕ್ಕೆ ತಾರೀಖು ಮತ್ತು ಗಂಟೆ ಸಹಿತ ಸಾಕ್ಷ್ಯ ಆ ಚಿತ್ರಗಳಲ್ಲಿದೆ. ಒಂದು ಹುಲಿಗೆ ವರ್ಷಕ್ಕೆ ಸುಮಾರು 50 ಜಿಂಕೆ, ಕಡವೆಗಳಂಥ ಬೇಟೆ ಬೇಕು ಎಂದು ಹೇಳುವ ನಾವು, ಆ ಬೇಟೆಯ ಬದುಕಿನ ಬಗ್ಗೆ ಇಷ್ಟು ಉದಾಸೀನರಾಗಿರುವುದು ಸರಿಯಲ್ಲ. 2022ರ ಗಣತಿಯಲ್ಲಿ ಕರ್ನಾಟಕದಲ್ಲಿ 563 ಹುಲಿಗಳಿವೆ ಎಂಬ ಸುದ್ದಿ ನಮ್ಮೂರಿನ ಚಹಾ ಅಂಗಡಿಯವರೆಗೆ ತಲುಪಿತು. ಕಡವೆಯ ಕೊರಳಿನ ಮಚ್ಚೆಯ ವಿವರಣೆ ಕಾಡಂಚಿನಲ್ಲೇ ಇರುವ ನಮಗೂ ಕನ್ನಡದಲ್ಲಿ ತಲುಪಿಲ್ಲ.

ಬೇರೊಂದು ಉದ್ದೇಶಕ್ಕೆ ಕಾಡಿನಲ್ಲಿಟ್ಟ ಕಣ್ಣು ಎಂಥ ಉಪಕಾರ ಮಾಡಬಲ್ಲದು ಎಂಬುದಕ್ಕೆ ತುಮಕೂರು ಜಿಲ್ಲೆಯ ಬುಕ್ಕಾಪಟ್ಟಣದ ಕುರುಚಲು ಕಾಡನ್ನು ನೋಡಬಹುದು. ಯಾರೂ ಗಮನಿಸದಿದ್ದ ಆ ಬೆಟ್ಟಗಳಲ್ಲಿ ಸಂಶೋಧಕರ ಕ್ಯಾಮೆರಾಕ್ಕೆ ಚಿಂಕಾರ ಎಂಬ ಸಣ್ಣ ಹುಲ್ಲೆ ಸಿಕ್ಕಿತು, ಕೃಷ್ಣಮೃಗ ಮತ್ತು ನಾಲ್ಕು ಕೊಂಬಿನ ಹುಲ್ಲೆಯಾದ ಕೊಂಡುಕುರಿ ಕೂಡ ಇರುವುದು ದಾಖಲಾಯಿತು, 2019ರಲ್ಲಿ ಅದು ಚಿಂಕಾರ ವನ್ಯಜೀವಿಧಾಮವೆಂದು ಘೋಷಣೆಯಾಯಿತು. ಇವು ಕೊಂಬು ಉದುರಿಸದ ಬೇರೆ ಕುಟುಂಬದ ಪ್ರಾಣಿಗಳು, ಜಿಂಕೆಗಳಲ್ಲ, ಆದರೂ ಚಿತ್ರ ನೋಡಿದ ಹೆಚ್ಚಿನವರು ಜಿಂಕೆಯೆಂದೇ ಕರೆಯುತ್ತಾರೆ. ಕೊಂಡುಕುರಿಯನ್ನು ಕಾಡುಕುರಿಯೆಂದು ತಪ್ಪು ತಿಳಿಯುವವರು ಕಾಡಿನ ಕೆಲಸದಲ್ಲಿರುವವರಲ್ಲೂ ಇದ್ದಾರೆ. ಹಾಗೆ ತಪ್ಪಾಗಿ ಹೆಸರಿಟ್ಟು ಬದಿಗಿಟ್ಟ ಚಿತ್ರಗಳಲ್ಲಿ ಇನ್ನೊಂದು ಬುಕ್ಕಾಪಟ್ಟಣ ಅಡಗಿರಬಹುದು.

ಆದ್ದರಿಂದ ರಾಜ್ಯದ ಅರಣ್ಯ ಇಲಾಖೆಯಲ್ಲಿ ನನ್ನ ಕೋರಿಕೆ ಇದು. ಪ್ರತಿ ವರ್ಷ ಯುಗಾದಿಯ ಹೊತ್ತಿಗೆ, ಹಿಂದಿನ ವರ್ಷದ ಕ್ಯಾಮೆರಾ ಚಿತ್ರಗಳಿಂದ ಆಯ್ದ ಜಿಂಕೆ ಜಾತಿಗಳ ತಿಂಗಳುವಾರು ವಿವರವನ್ನು ಸರಳ ಕನ್ನಡದಲ್ಲಿ, ಚಿತ್ರ ಸಹಿತ ಪ್ರಕಟಿಸಲಿ. ನಿಖರ ಸ್ಥಳವನ್ನು ಕೊಡುವುದು ಬೇಡ, ಕಳ್ಳಬೇಟೆಯವರಿಗೆ ಅದು ದಾರಿ ತೋರಿಸಿದಂತಾಗುತ್ತದೆ. ತಾಲ್ಲೂಕಿನ ಹೆಸರು ಸಾಕು, ಒಂದು ವರ್ಷ ತಡವಾದರೂ ಅಡ್ಡಿಯಿಲ್ಲ. ಸೌದೆಗೆ ಹೋದ ಹೆಂಗಸರ, ದನ ಕಾಯುವವರ ಚಿತ್ರಗಳು ಯಾವ ಕಾರಣಕ್ಕೂ ಹೊರಬರಬಾರದು. ಗುತ್ತಿಗೆ ಮೇಲಿರುವ ಕಾವಲುಗಾರರು ಬಿಸಿಲಿನಲ್ಲಿ ನಡೆದು, ಆನೆಯ ಭಯದಲ್ಲಿ ಆ ಕ್ಯಾಮೆರಾಗಳ ಬ್ಯಾಟರಿ ಬದಲಾಯಿಸುತ್ತಾರೆ. ಅವರು ತಂದದ್ದರಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲು ಯಾರೂ ನೋಡದೆ ಪೆಟ್ಟಿಗೆಯಲ್ಲಿ ಉಳಿದರೆ ಅದು ಅವರ ಶ್ರಮಕ್ಕೂ ಅನ್ಯಾಯ.

ನಮ್ಮಂಥ ಬೆಳೆಗಾರರು ಸ್ವಂತ ಜಮೀನಿನಲ್ಲಿ ಕಟ್ಟಿದ ಕ್ಯಾಮೆರಾದ ಚಿತ್ರಗಳನ್ನು ಒಪ್ಪಿಸಲು ಪ್ರತಿ ವಲಯ ಕಚೇರಿಯಲ್ಲಿ ಒಂದು ವ್ಯವಸ್ಥೆಯೂ ಆಗಲಿ. ಫೆಬ್ರವರಿ ಒಂದರಿಂದ ಈವರೆಗಿನ ನನ್ನ ಚಿತ್ರಗಳನ್ನು, ಬರಿಂಕದ ನಾಲ್ಕು ರಾತ್ರಿಗಳನ್ನೂ ಸೇರಿಸಿ, ತಾರೀಖುವಾರು ಬರೆದಿಟ್ಟಿದ್ದೇನೆ. ಮೊನ್ನೆಯ ಹೂಮಳೆಯ ಮರುದಿನ ಅದೇ ಕಡವೆ ಮತ್ತೆ ಬಂದಿತ್ತು. ಕೊರಳ ಮಚ್ಚೆ ಹಾಗೆಯೇ ಇದೆ, ಜೊತೆಯಲ್ಲಿ ಎದ್ದು ನಿಂತು ಹೆಚ್ಚು ದಿನವಾಗಿರದ ಒಂದು ಮರಿಯಿದೆ.

ಇತಿ,
ಒಬ್ಬ ಅಡಿಕೆ ಬೆಳೆಗಾರ
ನರಸಿಂಹರಾಜಪುರ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ