ಕಲ್ಲಿನಲ್ಲಿ ವರ್ಷ ಕೆತ್ತುವ ಮೊದಲು ಕಾಗದ ಓದಿ

ಮಾನ್ಯ ಸಂಪಾದಕರೇ,

ನಮ್ಮೂರು ಕಲಬುರಗಿಯ ಒಂದು ಕ್ಯಾಥೊಲಿಕ್ ಹೈಸ್ಕೂಲು ತೊಂಬತ್ತರ ಸಂಭ್ರಮಕ್ಕೆ ತಯಾರಾಗುತ್ತಿದೆ. ಗೇಟಿನ ಹತ್ತಿರ ಶಹಾಬಾದ ಕಲ್ಲಿನ ಕಟ್ಟೆ ಎದ್ದಿದೆ. ಅದರ ಮೇಲೆ ‘ಸ್ಥಾಪನೆ 1937’ ಎಂದು ಫಲಕ ಕೂರಿಸುವುದೊಂದೇ ಬಾಕಿ. ದಯವಿಟ್ಟು ಸ್ವಲ್ಪ ತಡೆಯಿರಿ ಎಂದು ಕೇಳಲು ಈ ಪತ್ರ.

ನಾನು ಆ ಶಾಲೆಯ ಹಳೆಯ ವಿದ್ಯಾರ್ಥಿ. ಕ್ರೈಸ್ತನಲ್ಲ, ಆದರೆ ನನ್ನ ತಂಗಿ, ನನ್ನ ಮಗಳು ಇಬ್ಬರೂ ಅಲ್ಲೇ ಓದಿದವರು. ನೌಕರಿಯೆಲ್ಲ ಕಂದಾಯ ಇಲಾಖೆಯ ರೆಕಾರ್ಡ್ ರೂಮಿನಲ್ಲಿ ಕಳೆಯಿತು. ನಿಜಾಮರ ಕಾಲದ ಉರ್ದು ಕಾಗದ ಓದಿ ನಕಲು ಬರೆದು ಕೊಡುವುದೇ ನನ್ನ ಕೆಲಸವಾಗಿತ್ತು. ಹಾಗಾಗಿ ಸ್ಮರಣ ಸಂಚಿಕೆಯ ಸಮಿತಿಯವರು ಜಾಗದ ಖರೀದಿ ಪತ್ರದ ಜೆರಾಕ್ಸ್ ತೋರಿಸಿದರು. ‘1937’ ಹುಟ್ಟಿದ್ದು ಆ ಕಾಗದದಿಂದಲೇ. ಅದರಲ್ಲಿ ಇರುವುದು 1356. ಯಾರೋ ಅದನ್ನು ಹಿಜರಿ, ಅಂದರೆ ಮುಸ್ಲಿಮರ ಚಾಂದ್ರಮಾನ ವರ್ಷ ಎಂದುಕೊಂಡು ಮೊಬೈಲಿನಲ್ಲಿ ಲೆಕ್ಕ ಹಾಕಿದ್ದಾರೆ, 1937 ಬಂದಿದೆ. ಲೆಕ್ಕ ಸರಿ, ಕ್ಯಾಲೆಂಡರ್ ತಪ್ಪು.

ಆಗ ನಮ್ಮ ಜಿಲ್ಲೆ ಸೇರಿದ್ದ ಹೈದರಾಬಾದ್ ಸಂಸ್ಥಾನದ ಸರ್ಕಾರಿ ಕಾಗದ ನಡೆಯುತ್ತಿದ್ದುದು ಫಸಲಿ ವರ್ಷದ ಮೇಲೆ, ಅಂದರೆ ಬೆಳೆ-ಕಂದಾಯದ ಲೆಕ್ಕದ ವರ್ಷದ ಮೇಲೆ. ಫಸಲಿಗೆ 590 ಕೂಡಿಸಿದರೆ ಇಸವಿ ಸಿಗುತ್ತದೆ. ಅಕ್ಟೋಬರ್ ಆರಂಭದಲ್ಲಿ ಹೊಸ ವರ್ಷ ಬರುವುದರಿಂದ ಜನವರಿಯಿಂದ ಮುಂದಿನ ದಿನಗಳಾದರೆ ಇನ್ನೊಂದು ಕೂಡಿಸಬೇಕು. ಅಂದರೆ 1356 ಎಂದರೆ 1946-47. ಹಿಜರಿಯೋ ಫಸಲಿಯೋ ಎಂದು ತಿಳಿಯಲು ದೊಡ್ಡ ಪಾಂಡಿತ್ಯ ಬೇಡ, ತಿಂಗಳ ಹೆಸರು ನೋಡಿದರೆ ಸಾಕು. ಮೊಹರಂ, ಸಫರ್, ರಂಜಾನ್ ಇದ್ದರೆ ಹಿಜರಿ. ಆಜರ್, ದೈ, ಬಹಮನ್ ಇದ್ದರೆ ಫಸಲಿ. ಈ ಪತ್ರದಲ್ಲಿ ಬಹಮನ್ ಎಂದು ಸ್ಪಷ್ಟವಾಗಿದೆ. ಜಾಗ ಕೊಂಡದ್ದು 1946ರ ಡಿಸೆಂಬರಿನಲ್ಲಿ.

ಅದು ಕೂಡ ಜಾಗ ಕೊಂಡ ದಿನ ಅಷ್ಟೇ. ಶಾಲೆ ಶುರುವಾದ ದಿನ ಅಲ್ಲ. ಮೊದಲ ದಾಖಲಾತಿ ರಿಜಿಸ್ಟರನ್ನು ನಾನೇ ನೋಡಿದ್ದೇನೆ. ಬೆನ್ನು ಹರಿದಿದೆ, ಬಿಳಿ ದಾರದಿಂದ ಹೊಲಿದಿದ್ದಾರೆ. ಕೆಳಗಿನ ಮೂಲೆಯನ್ನು ಗೆದ್ದಲು ತಿಂದಿದೆ, ಪುಟದ ಮಧ್ಯೆ ನುಸಿಗುಳಿಗೆಯ ಕಲೆ. ಅದರಲ್ಲಿ ಮೊದಲ ಮಗು ಸೇರಿರುವುದು 1948ರಲ್ಲಿ ಹೈದರಾಬಾದ್ ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ ಪೊಲೀಸ್ ಕಾರ್ಯಾಚರಣೆ ಮುಗಿದ ಮೇಲೆ. ಬರೆದವರು ಯಾರೋ ಸಿಸ್ಟರ್ ಇರಬೇಕು, ಅಕ್ಷರ ಮುತ್ತಿನ ಹಾಗಿದೆ. ತಂದೆಯ ಉದ್ಯೋಗದ ಕಾಲಂ ಓದುತ್ತ ಹೋದರೆ ಆಗಿನ ಕಲಬುರಗಿಯೇ ಕಾಣುತ್ತದೆ. ಎಂ.ಎಸ್.ಕೆ. ಬಟ್ಟೆ ಮಿಲ್ಲಿನ ಕೆಲಸಗಾರ, ರೈಲ್ವೆ ಗ್ಯಾಂಗ್‌ಮನ್, ವಕೀಲ, ಅಡತಿ ಅಂಗಡಿಯ ಮುನೀಮ, ಕಚೇರಿಯ ಜವಾನ. ಹುಟ್ಟಿದ ತಾರೀಖಿನ ಕಾಲಂನಲ್ಲಿ ಮಾತ್ರ ಅರ್ಧ ಮಕ್ಕಳು ಜೂನ್ 1ರಂದು ಹುಟ್ಟಿದವರು! ನಮ್ಮ ಕಡೆ ಇದು ಎಲ್ಲರಿಗೂ ಗೊತ್ತಿರುವ ಮಾತು. ತಾರೀಖು ಗೊತ್ತಿಲ್ಲದಿದ್ದರೆ ಮಾಸ್ತರರು ಶಾಲೆಗೆ ಸೇರಲು ಅನುಕೂಲವಾಗುವಂಥದ್ದು ಒಂದು ಬರೆದುಬಿಡುತ್ತಿದ್ದರು. ಈಗ ಶಾಲೆಗೇ ಹಾಗೆ ಒಂದು ವರ್ಷ ಬರೆಯುತ್ತಿದ್ದೇವೆ.

ಹತ್ತು ವರ್ಷ ಆಚೀಚೆಯಾದರೆ ಏನು ಹೋಯಿತು ಎಂದು ಸಮಿತಿಯ ಒಬ್ಬರು ಕೇಳಿದರು. ಭಾಳ ಹೋಗುತ್ತದೆ. 1937 ಎಂದರೆ ನಿಜಾಮರ ಆಡಳಿತ, ಸರ್ಕಾರಿ ಹೈಸ್ಕೂಲುಗಳಲ್ಲಿ ಉರ್ದು ಮಾಧ್ಯಮ. ಕನ್ನಡದ ಮಕ್ಕಳಿಗೆ ಶಾಲೆ ಸಿಗುವುದೇ ಕಷ್ಟವಾಗಿದ್ದ ಕಾಲ. 1907ರಲ್ಲಿ ಇಲ್ಲಿ ನೂತನ ವಿದ್ಯಾಲಯ ಶುರುವಾದದ್ದನ್ನು ನಾವು ಇವತ್ತಿಗೂ ನೆನೆಯುವುದು ಅದಕ್ಕೇ ಅಲ್ವಾ? 1948ರ ಸೆಪ್ಟೆಂಬರ್ 17ರ ನಂತರದ್ದು ಬೇರೆಯೇ ಕಥೆ. ಆಡಳಿತ ಬದಲಾಯಿತು, ಶಾಲೆಯ ಭಾಷೆ ಬದಲಾಯಿತು. ಮಿಲ್ಲಿನ ಕೆಲಸಗಾರನೂ ಮಗಳನ್ನು ಕಾನ್ವೆಂಟಿಗೆ ಕಳಿಸುವ ಧೈರ್ಯ ಮಾಡಿದ. ನಮ್ಮ ಶಾಲೆ ಈ ಎರಡನೆಯ ಕಥೆಗೆ ಸೇರಿದ್ದು. ವರ್ಷ ತಪ್ಪಿದರೆ ಆ ಅಪ್ಪಂದಿರು ಕಥೆಯಿಂದಲೇ ಹೊರಗೆ ಹೋಗುತ್ತಾರೆ.

ಹಾಗೆ ಹೊರಗೆ ಹೋಗಿಯೂ ಆಗಿದೆ. ಸಂಚಿಕೆಯ ಕರಡಿನಲ್ಲಿ ‘ಕಾಡಿನ ನಡುವೆ ಒಬ್ಬ ವಿದೇಶಿ ಫಾದರ್ ಜ್ಞಾನದ ದೀಪ ಹಚ್ಚಿದರು’ ಎಂದಿದೆ. ಕಲಬುರಗಿಯಲ್ಲಿ ಕಾಡು ಎಲ್ಲಿತ್ತು, ಸ್ವಾಮಿ? ಅಲ್ಲಿದ್ದದ್ದು ತೊಗರಿ ಹೊಲ. ಹೊಲದ ಚಕ್ಕುಬಂದಿ ಖರೀದಿ ಪತ್ರದಲ್ಲೇ ಇದೆ, ಮೂಡಣಕ್ಕೆ ಬಾವಿ, ಪಡುವಣಕ್ಕೆ ಬಂಡಿದಾರಿ. ಫಾದರ್ ಬಗ್ಗೆ ನನಗೆ ಗೌರವವಿದೆ. ಆದರೆ ಹೊಲ ಮಾರಿದವರು, ಬಾವಿ ನೀರು ಬಿಟ್ಟುಕೊಟ್ಟವರು, ಮೊದಲ ವರ್ಷ ಮಕ್ಕಳನ್ನು ಕಳಿಸಿದವರು ಇವರಿಗೆ ಒಂದು ಸಾಲೂ ಬೇಡವೇ?

ಮಂಗಳೂರಿನವರನ್ನು ನೋಡಿ. ಜೆಸ್ವಿಟ್ ಎಂಬ ಕ್ಯಾಥೊಲಿಕ್ ಸಭೆಯ ಪಾದ್ರಿಗಳು ಅಲ್ಲಿಗೆ ಬಂದು ಇಳಿದದ್ದು 1878ರ ಕೊನೆಯ ದಿನ. ಅವರ ವಿದ್ಯಾಸಂಸ್ಥೆ ಸೇಂಟ್ ಅಲೋಶಿಯಸ್‌ನಲ್ಲಿ ಪಾಠ ಶುರುವಾದದ್ದು 1880ರ ಜನವರಿಯಲ್ಲಿ, ಅದೂ ಕೊಡಿಯಾಲಬೈಲಿನ ಒಂದು ಮನೆಯಲ್ಲಿ. ಗುಡ್ಡದ ಮೇಲಿನ ಕಟ್ಟಡಕ್ಕೆ ಹೋದದ್ದು 1885ರಲ್ಲಿ. ಪಾದ್ರಿಗಳು ಬಂದದ್ದು, ಪಾಠ ಶುರುವಾದದ್ದು, ಕಟ್ಟಡ ಎದ್ದದ್ದು, ಎಲ್ಲಕ್ಕೂ ಬೇರೆ ಬೇರೆ ತಾರೀಖು ಇಟ್ಟಿದ್ದಾರೆ. ಬರೆದಿಡುವ ಪದ್ಧತಿ ಆ ಸಭೆಯವರಲ್ಲಿ ಮೊದಲಿನಿಂದ ಇತ್ತು, ಇಟ್ಟ ಕಾಗದವನ್ನು ಓದುವವರೂ ಇದ್ದರು. ನಮ್ಮಲ್ಲಿ ಕಾಗದ ಇವೆ, ಓದುವವರು ಕಡಿಮೆಯಾಗಿದ್ದಾರೆ.

ಕಾಗದಗಳು ಚದುರಿಯೂ ಹೋಗಿವೆ. ಕಲಬುರಗಿಗೆ ತನ್ನದೇ ಬಿಷಪ್ ಇರುವ ಧರ್ಮಪ್ರಾಂತ ಆದದ್ದೇ 2005ರಲ್ಲಿ. ಅದಕ್ಕೂ ಹಿಂದಿನ ಪತ್ರವ್ಯವಹಾರ ಹೊರಗಿನ ಬಿಷಪ್ ಕಚೇರಿಗಳಲ್ಲಿ ಹುಡುಕಬೇಕು. 1956ರ ನವೆಂಬರ್ 1ರ ತನಕ ನಮ್ಮ ಜಿಲ್ಲೆಯ ರಾಜಧಾನಿ ಹೈದರಾಬಾದ್, ಆಮೇಲೆ ಬೆಂಗಳೂರು. ಹಳೆಯ ಮಾನ್ಯತೆಯ ಕಡತ ಬೇಕೆಂದರೆ ಹೈದರಾಬಾದಿನ ತಾರ್ನಾಕದಲ್ಲಿರುವ ಪತ್ರಾಗಾರಕ್ಕೂ ಒಂದು ಅರ್ಜಿ ಹಾಕಿ ನೋಡಬೇಕು. ಚರ್ಚಿನ ಜ್ಞಾನಸ್ನಾನದ ರಿಜಿಸ್ಟರ್ ಇನ್ನೊಂದು ಆಧಾರ. ಯಾವ ಫಾದರ್ ಯಾವ ವರ್ಷ ಊರಲ್ಲಿದ್ದರು ಎಂಬುದು ಅವರ ಸಹಿಯಿಂದಲೇ ಗೊತ್ತಾಗುತ್ತದೆ.

ಇದೆಲ್ಲ ಆಗಲು ಒಂದು ವರ್ಷ ಹಿಡಿದರೆ ಹಿಡಿಯಲಿ. ಸಂಭ್ರಮ ಬೇಕಾದರೆ ಈಗಲೇ ಮಾಡಿ, ಊಟ ಹಾಕಿಸಿ, ಹಳೆಯ ಟೀಚರುಗಳಿಗೆ ಶಾಲು ಹೊದಿಸಿ. ಫಲಕದಲ್ಲಿ ಮಾತ್ರ ವರ್ಷ ಸದ್ಯಕ್ಕೆ ಬೇಡ. ಮೊದಲ ರಿಜಿಸ್ಟರನ್ನು ಮಳೆಗಾಲದೊಳಗೆ ಸ್ಕ್ಯಾನ್ ಮಾಡಿಸಿ. ಖರ್ಚು ಜಾಸ್ತಿಯಾಗುವುದಿಲ್ಲ, ಪೆಂಡಾಲಿನ ಹೂವಿನ ದುಡ್ಡು ಸಾಕು.

ಬೀದರ್, ಯಾದಗಿರಿ ಕಡೆಯ ಶಾಲೆಗಳಲ್ಲೂ ಇಂಥ ಉರ್ದು ಕಾಗದ ಕಪಾಟಿನಲ್ಲಿ ಇರಬಹುದು. ಅಕ್ಷರ ಕೂಡಿಸಿ ವೇಗವಾಗಿ ಗೀಚಿದ ಶಿಕಸ್ತಾ ಬರಹವಾದರೂ ಪರವಾಗಿಲ್ಲ, ಓದಿ ಕನ್ನಡದಲ್ಲಿ ಬರೆದುಕೊಡುತ್ತೇನೆ. ಸಂಭಾವನೆ ಬೇಡ. ಆದರೆ ಮೂಲ ಕಾಗದವನ್ನು ಯಾರ ಕೈಯಲ್ಲೂ ನನ್ನ ಮನೆಗೆ ಕಳಿಸಬೇಡಿ. ನಾನೇ ಶಾಲೆಗೆ ಬಂದು, ಗುಮಾಸ್ತರ ಎದುರಿಗೆ ಕೂತು ಓದುತ್ತೇನೆ.

– ನಿವೃತ್ತ ಕಂದಾಯ ನೌಕರ, ಕಲಬುರಗಿ